ಬಾವಿಗೆ ಪುಡಿ ಹಾಕುತ್ತಿದ್ದ ವರ್ಷ

ಹೋದ ತಿಂಗಳು ಯಳಂದೂರಿನಲ್ಲಿ ನನ್ನ ತಮ್ಮನ ಮಗಳ ಮನೆಗೆ ಹೋಗಿದ್ದೆ. ಅವಳು ನಲ್ಲಿ ತಿರುಗಿಸಿ ಚೊಂಬಿಗೆ ನೀರು ಹಿಡಿದಳು, ಮೂಸಿದಳು, ಮುಖ ಕಿವುಚಿಕೊಂಡು ಬಚ್ಚಲಿಗೆ ಚೆಲ್ಲಿದಳು.

"ಥೂ, ಇವತ್ತೂ ಪೌಡ್ರು ಸುರ್ದವ್ರೆ ಕಣತ್ತೆ. ಈ ನೀರ ಯಾರು ಕುಡುದಾರು?"

ನಾನು ಚೊಂಬು ಕಿತ್ತುಕೊಂಡು ಮತ್ತೆ ಹಿಡಿದೆ. ನಿಂತಲ್ಲೇ ಎರಡು ಚೊಂಬು ಕುಡಿದೆ.

"ನಿಮ್ಗ ವಾಸ್ನ ಗೊತ್ತಾಗಕಿಲ್ವಾ?"

"ಗೊತ್ತಾಯ್ತದ. ಅದುಕ್ಕೇ ಕುಡುದ್ದು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ವಾಸನೆ ಇಲ್ಲದ ನೀರಿಗೆ ನಾನು ಹೆದರುತ್ತೇನೆ. ಯಾಕೆ ಎಂದು ಕೇಳಿದಳು, ಹೇಳಿದೆ. ಬರೆದಿಡಿ ಅತ್ತೆ ಎಂದಳು. ಅಕ್ಷರ ಕಲಿತದ್ದು ತಡವಾಗಿ, ನನ್ನ ಬರಹ ಅಷ್ಟಕ್ಕಷ್ಟೆ. ತಪ್ಪಿದ್ದರೆ ಅವಳು ತಿದ್ದಲಿ, ಆದರೆ ನಡೆದದ್ದನ್ನು ತಿದ್ದಬಾರದು.

ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಆಗಿತ್ತು. ಧನಗೆರೆ ಕಡೆಯ ಒಂದು ಊರಿಗೆ ನನ್ನನ್ನು ಅಗರದಿಂದ ಕೊಟ್ಟಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಗಂಡ ಸತ್ತು ಎರಡು ವರ್ಷ. ಮಗಳು ಮಾದೇವಿಗೆ ಆರು ವರ್ಷ, ಒಂದನೇ ಕ್ಲಾಸು. ನಾನು ಮತ್ತು ಅವಳು ಗಂಡನ ದೊಡ್ಡವ್ವನ ಹಿತ್ತಲಿನ ಒಂದು ಕೋಣೆಯಲ್ಲಿ ಇದ್ದೆವು. ಗಂಡ ಕರೆಯುತ್ತಿದ್ದ ಹಾಗೆ ನಾನೂ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಊರೂ ಹಾಗೇ ಕರೆಯುತ್ತಿತ್ತು. ಅವರ ಮಗ ಪಂಚಾಯ್ತಿ ಛೇರ್ಮನ್ನು. ಮನೆ ತುಂಬ ರೇಷ್ಮೆ ಹುಳು. ನಾನು ಅಲ್ಲಿ ಸೊಪ್ಪು ಕೊಯ್ದು, ಕತ್ತರಿಸಿ, ಹುಳುವಿನ ತಟ್ಟೆಯ ಕಸ ತೆಗೆದು ಊಟ ಮಾಡಿಕೊಂಡಿದ್ದೆ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡಲು ಮೇವು ಬಿಟ್ಟು ಮಲಗಿದಾಗ, ಮೇಲೆ ಉದುರಿಸಲು ಜರಡಿ ಹಿಡಿದ ಸುಣ್ಣದ ಪುಡಿ ಆ ಮನೆಯಲ್ಲಿ ಯಾವಾಗಲೂ ಮೂಟೆಗಟ್ಟಲೆ ಇರುತ್ತಿತ್ತು.

ಅದರ ಹಿಂದಿನ ಮಳೆಗಾಲದಲ್ಲಿ ಪಕ್ಕದ ಊರಿಗೆ ವಾಂತಿಭೇದಿ ಬಂದು ಒಂದೇ ಬೀದಿಯಲ್ಲಿ ಸುಮಾರು ಜನ ಹೋಗಿದ್ದರು. ಅದಕ್ಕೇ ಬೇಸಿಗೆ ಕಳೆಯುವ ಹೊತ್ತಿಗೆ ಕೊಳ್ಳೇಗಾಲದಿಂದ ಸೈಕಲ್ಲಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಹಿಂದೆ ಕಟ್ಟಿದ್ದ ತಗಡಿನ ಡಬ್ಬಿ ಬಿಚ್ಚಿದರು. ಬಿಳೀ ಪುಡಿ. ಮುಚ್ಚಳ ತೆಗೆದ ತಕ್ಷಣ ಮುಂದೆ ನಿಂತಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಹೋದರು.

"ಇದ ಬಾವಿಗ ಆಕ್ಬುಟ್ಟು ಕಪ್ಪೆ ಸತ್ರ ಸೂತಕ ಯಾರ್ಗ ಸಾ, ನಿಮ್ಗಾ ನಮ್ಗಾ?" ಎಂದು ಒಬ್ಬ ಮುದುಕ ಕೇಳಿದ. ಎಲ್ಲ ನಕ್ಕರು.

ಇನ್‌ಸ್ಪೆಕ್ಟರೂ ನಕ್ಕರು. "ವಿಷ ಅಲ್ಲ ಕಣ್ರಿ. ಇದೂ ಸುಣ್ಣವೇ. ಸುಣ್ಣಕ್ಕೆ ಒಂದು ಗಾಳಿ ಹಿಡಿಸಿದ್ದಾರೆ, ಅಷ್ಟೆ. ನಿಮ್ಮ ತಾತಂದಿರೂ ಬಾವಿಗೆ ಸುಣ್ಣ ಸುರಿದವರೇ ತಾನೆ?"

ಜನಕ್ಕೆ ಸಮಾಧಾನ ಆಗಲಿ ಎಂದು ಆ ಮಾತು ಹೇಳಿದರು. ದೊಡ್ಡವ್ವ ಕಂಬಕ್ಕೆ ಒರಗಿ ಕೇಳಿಸಿಕೊಂಡರು.

ವಾರಕ್ಕೆ ಎರಡು ಸಾರಿ, ಗುರುವಾರ ಮತ್ತು ಭಾನುವಾರ ಸಂಜೆ, ಎಲ್ಲರೂ ನೀರು ಸೇದಿ ಆದಮೇಲೆ ಪುಡಿ ಹಾಕಬೇಕು. ಆ ಕೆಲಸಕ್ಕೆ ಯಾರು ಎಂಬ ಮಾತು ಬಂತು. "ನಮ್ಮ ಪುಟ್ಟತಾಯಿ ಮಾಡ್ತಾಳೆ ಬುಡಿ, ನಿಯತ್ತಿನವಳು" ಎಂದು ನನ್ನನ್ನು ತೋರಿಸಿದವರು ದೊಡ್ಡವ್ವನೇ. ಪುಡಿಗೆ ತೇವ ತಾಕಬಾರದು, ಪಂಚಾಯ್ತಿ ಕೋಣೆ ಸೋರುತ್ತದೆ ಎಂದು ಡಬ್ಬಿಯನ್ನು ಅವರ ಮನೆಯ ಉಗ್ರಾಣದಲ್ಲೇ ಇಟ್ಟರು. ಬೀಗದ ಕೈ ಅವರ ಸೊಂಟದಲ್ಲಿ.

ಹೊಲಗೇರಿ ಎಂದು ನಾವು ಕರೆಯುತ್ತಿದ್ದ ಬೀದಿಗೆ ಬೇರೆ ಬಾವಿ ಇತ್ತು, ಕಾಲು ಫರ್ಲಾಂಗು ಆಚೆ. ಅಲ್ಲಿಗೆ ಪುಡಿ ಹಾಕಲು ಮೇಲಿನ ಬೀದಿಯಿಂದ ಯಾರೂ ಹೋಗುವುದಿಲ್ಲ. ಅಲ್ಲಿಯ ಸಿದ್ದಯ್ಯನಿಗೆ ಕೆಲಸ ಹೇಳಿದರು. ಸಿದ್ದಯ್ಯನನ್ನು ದೊಡ್ಡವ್ವನ ಉಗ್ರಾಣದ ಹತ್ತಿರ ಬಿಡುವಂತಿಲ್ಲ. ಅದಕ್ಕೆ ಇನ್‌ಸ್ಪೆಕ್ಟರು ಅವನ ಪಾಲಿನ ಪುಡಿಯನ್ನು ಒಂದು ಜಾಡಿಗೆ ಸುರಿದು ಅವನ ಮನೆಗೇ ಕೊಟ್ಟರು.

ಕೆಲಸ ಸುಲಭ ಅಲ್ಲ. ಪುಡಿಯನ್ನು ಬಕೀಟಿಗೆ ಹಾಕಿ ಸ್ವಲ್ಪ ನೀರು ಬಿಟ್ಟು ಗಂಟಿಲ್ಲದ ಹಾಗೆ ಕದಡಬೇಕು. ಮತ್ತೆ ನೀರು ತುಂಬಿ ನಿಲ್ಲಿಸಬೇಕು. ತಳದಲ್ಲಿ ಸುಣ್ಣ ಕೂರುತ್ತದೆ, ಅದನ್ನು ಬಾವಿಗೆ ಹಾಕಬಾರದು. ಮೇಲಿನ ತಿಳಿಯನ್ನು ಇನ್ನೊಂದು ಬಕೀಟಿಗೆ ಬಗ್ಗಿಸಿ, ಹಗ್ಗದಲ್ಲಿ ಇಳಿಬಿಟ್ಟು, ನೀರೊಳಗೆ ಮೇಲೆ ಕೆಳಗೆ ಎಳೆದಾಡಬೇಕು. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಸೆರಗನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದೆ.

ಹಾಕಿದ ದಿನ ಪುಸ್ತಕದಲ್ಲಿ ರುಜು ಮಾಡಬೇಕು. ನಾನು ಹೆಬ್ಬೆಟ್ಟು ಮುಂದೆ ಮಾಡಿದೆ. ಇನ್‌ಸ್ಪೆಕ್ಟರು ಒಪ್ಪಲಿಲ್ಲ. "ಬಾವಿ ಕಾಯೋಳು ಹೆಬ್ಬೆಟ್ಟು ಒತ್ತಬಾರದಮ್ಮ, ಹೆಸರು ಕಲಿ" ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಒಂದು ತಿಂಗಳು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿದೆ. ಮಾದೇವಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೇಷ್ಟ್ರ ಹಾಗೆ ಗದರುತ್ತಿದ್ದಳು. "ಅವ್ವೋ, ಒತ್ತು ಕೆಳಕ್ಕ ಬರ್ಬೇಕು. ಪಕ್ಕುಕ್ಕಲ್ಲ. ಇನ್ನೊಂದ್ಸಲ ಬರಿ." ಕೊನೆಗೆ ಬಂತು. ರುಜು ಮಾಡುವಾಗ ಎದೆ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಜನಕ್ಕೆ ವಾಸನೆ ಹಿಡಿಸಲಿಲ್ಲ. ಮುದ್ದೆ ಆಸ್ಪತ್ರೆ ನಾತ ಬರುತ್ತದೆ ಎಂದರು. ನಾನು ಬೀದಿಯಲ್ಲಿ ಹೋದರೆ "ಮೂಗ್ ಮುಚ್ಕಳ್ರವ್ವಾ, ಪುಡಿ ಪುಟ್ಟತಾಯಿ ಬಂದ್ಳು" ಎಂದು ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಬಟ್ಟೆ ಒಗೆಯುವ ಕಲ್ಲು ಬಾವಿ ಕಟ್ಟೆಗೇ ಅಂಟಿಕೊಂಡಿತ್ತು. ಅಲ್ಲಿ ಒಗೆಯಬೇಡಿ ಎಂದು ನಾನು ಹೇಳಿದೆ, ಇನ್‌ಸ್ಪೆಕ್ಟರು ಹೇಳಿದರು, ಯಾರೂ ಕೇಳಲಿಲ್ಲ. ಒಗೆದ ನೀರು ಸಂದಿಯಲ್ಲಿ ಇಳಿದು ವಾಪಸು ಬಾವಿಗೇ ಹೋಗುತ್ತಿತ್ತು. ಪುಡಿಯೊಂದೇ ನಮಗಿದ್ದ ಕಾವಲು.

ಒಂದು ಭಾನುವಾರ ದೊಡ್ಡವ್ವ ನನ್ನನ್ನು ಒಳಗೆ ಕರೆದರು. ಸೋಮವಾರ ಬೆಳಿಗ್ಗೆ ಬಾವಿಯ ಮೊದಲ ಕೊಡ ಶಿವನ ಗುಡಿಗೆ ಹೋಗುತ್ತದೆ. ಆಮೇಲಿನ ಕೊಡಗಳು ಮನೆಮನೆಯ ಲಿಂಗಪೂಜೆಗೆ. ಅದು ಆ ಊರಿನ ಕ್ರಮ, ಯಾರೂ ತಪ್ಪಿಸಿದವರಲ್ಲ.

"ಪುಟ್ಟತಾಯಿ, ಶಿವುನ್ಗ ಆ ನಾತದ ನೀರ ಎಂಗವ್ವ ಉಯ್ಯದು? ಕೈಲಿ ಲಿಂಗ ಮಡಿಕಂಡ್ರ ಆಸ್ಪತ್ರೇಲಿ ಕೂತಂಗಾಯ್ತದ. ಭಾನುವಾರ ಒಂದಿನ ಬುಟ್ಬುಡು."

"ಆಗಲ್ಲ ದೊಡ್ಡವ್ವ. ಗುರ್ವಾರ ಆಕುದ್ದು ಸೋಮ್ವಾರಕ್ಕ ನಿಲ್ಲಲ್ವಂತೆ. ಇನ್‌ಸ್ಪೆಕ್ಟ್ರ ಕೇಳಿ."

"ಅವುನ್ನ ಯಾಕ ಕೇಳ್ಲಿ? ನಿನ್ನ ಕೇಳ್ತಾ ಇವ್ನಿ."

"ನಾನು ರುಜು ಮಾಡ್ಬೇಕು ದೊಡ್ಡವ್ವ. ಆಕ್ದೇನೆ, ಆಕಿವ್ನಿ ಅಂತ ಬರಿಯಕ್ಕಾಗಲ್ಲ."

ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ಒಂಬತ್ತನೇ ದಿನ ತಾವಾಗಿ ಹಿತ್ತಲಿಗೆ ಬಂದು ನನ್ನ ಗಲ್ಲ ಹಿಡಿದು ಕಣ್ಣು ನೋಡಿದರು. "ಕಣ್ ನೋಡು, ಕೆಂಡ ಆಗವ. ಮಗು ಕಟ್ಕಂಡವಳು ಕಣ್ ಕಳ್ಕಂಡ್ರ ಎಂಗೆ? ಇನ್ ಮ್ಯಾಲ ನೀನು ಡಬ್ಬಿ ತಾವ್ಕ ಬರ್ಬ್ಯಾಡ. ನಾನೇ ಅಳ್ದು ಕುಡುಕೇಲಿ ಆಕಿ ಮಡಗಿರ್ತೀನಿ. ತಕಂಡೋಗು."

ಹೆತ್ತ ತಾಯಿ ನನಗೆ ಅಷ್ಟು ಮಾಡಿರಲಿಲ್ಲ. ನಾನು ನಂಬಿದೆ. ಅನುಮಾನ ಪಡಲು ಒಂದು ಕಾರಣವೂ ಇರಲಿಲ್ಲ.

ಅಲ್ಲಿಂದ ಪ್ರತಿ ಗುರುವಾರ, ಭಾನುವಾರ ಮುಚ್ಚಿಟ್ಟ ಕುಡಿಕೆ ಸಿದ್ಧ ಇರುತ್ತಿತ್ತು. ಮೂಗು ಕಟ್ಟಿಕೊಂಡು ಕದಡುತ್ತಿದ್ದೆ. ಕಣ್ಣು ಉರಿಯುವುದು ನಿಂತಿತು. ಮೈಗೆ ಒಗ್ಗಿತು ಎಂದುಕೊಂಡೆ. ಬಕೀಟಿನ ತಳದಲ್ಲಿ ಸುಣ್ಣ ಮೊದಲಿಗಿಂತ ದಪ್ಪಗೆ ಕೂರುತ್ತಿತ್ತು. ಕೇಳಿದೆ. "ಡಬ್ಬಿ ತಳುಕ್ಕ ಓಗ್ತಾ ಓಗ್ತಾ ಅಂಗೇ ಕಣೆ" ಎಂದರು. ಜನರೂ ಗೊಣಗುವುದನ್ನು ಬಿಟ್ಟರು. ಆಡಿಕೊಂಡಿದ್ದ ಹೆಂಗಸೇ ಬಾವಿ ಹತ್ತಿರ "ಈಗ ವಾಸ್ನ ಗೊತ್ತೇ ಆಗಕಿಲ್ಲ ಕಣ್ ಪುಟ್ಟತಾಯಿ, ಕೈ ಪಳಗ್ತು ನಿಂಗ" ಎಂದಳು. ನಾನು ಹಿಗ್ಗಿದೆ. ಊರು ದಾರಿಗೆ ಬಂತು, ನಾನು ಗೆದ್ದೆ ಎಂದುಕೊಂಡೆ. ದಡ್ಡಿ.

ಇನ್‌ಸ್ಪೆಕ್ಟರು ಬಂದಿದ್ದರೆ ಗೊತ್ತಾಗುತ್ತಿತ್ತು. ಅವರ ಹತ್ತಿರ ಒಂದು ಗಾಜಿನ ಕೊಳವೆ ಇತ್ತು. ಬಾವಿ ನೀರು ತುಂಬಿ ಒಂದು ಹನಿ ಔಷಧಿ ಬಿಟ್ಟರೆ, ಪುಡಿ ಬಿದ್ದ ನೀರು ಹಳದಿಗೆ ತಿರುಗುತ್ತಿತ್ತು. ಆದರೆ ಆ ಎರಡು ಮೂರು ತಿಂಗಳು ಅವರನ್ನು ರಾಮಾಪುರದ ಕಡೆಗೆ ಮಲೇರಿಯಾ ಔಷಧಿ ಹೊಡೆಸಲು ಹಾಕಿದ್ದರು. ಬರಲಿಲ್ಲ.

ಮಳೆ ಜೋರಾಯಿತು. ಬೀದಿ ನೀರೆಲ್ಲ ಬಾವಿ ಕಟ್ಟೆ ಸುತ್ತ ನಿಂತಿತು. ಗಡಿಯಾಚೆಗೆ ಮದುವೆಗೆ ಹೋಗಿದ್ದ ಒಂದು ಮನೆಯವರು ಗಾಡಿಯಲ್ಲಿ ವಾಪಸು ಬಂದರು, ಒಬ್ಬರಿಗೆ ದಾರಿಯಲ್ಲೇ ಭೇದಿ. ಆ ಬಟ್ಟೆಗಳನ್ನು ತಂದು ಅದೇ ಕಲ್ಲಿನ ಮೇಲೆ ಒಗೆದರು. ನಾನೇ ಕಣ್ಣಾರೆ ನೋಡಿದೆ. ಬೈದೆ. ಬೈದು, ಸಂಜೆ ಪುಡಿ ಹಾಕುತ್ತೇನಲ್ಲ ಎಂದು ಧೈರ್ಯವಾಗಿ ಮನೆಗೆ ಬಂದೆ. ಅವತ್ತು ಗುರುವಾರ. ಸಂಜೆ ಕುಡಿಕೆ ತಂದು, ದಿನಕ್ಕಿಂತ ಹೆಚ್ಚು ಹೊತ್ತು ಬಕೀಟನ್ನು ಬಾವಿಯಲ್ಲಿ ಎಳೆದಾಡಿದೆ. ರುಜು ಮಾಡಿದೆ.

ಶನಿವಾರ ಎರಡು ಮನೆಯಲ್ಲಿ ಹಿಡಿಯಿತು. ಭಾನುವಾರ ಬೆಳಿಗ್ಗೆ ಮಾದೇವಿ ವಾಂತಿ ಮಾಡಿದಳು. ಮಧ್ಯಾಹ್ನಕ್ಕೆ ಭೇದಿ ಅಕ್ಕಿ ತೊಳೆದ ನೀರಿನ ಹಾಗೆ. ಸಂಜೆಗೆ ಕಣ್ಣು ಒಳಗೆ ಹೋಗಿತ್ತು, ಕೈ ಚರ್ಮ ಮುದುಕಿಯ ಹಾಗೆ ಸುಕ್ಕು. ನೀರು ನೀರು ಎಂದಳು. ಕೊಟ್ಟೆ. ಅದೇ ಬಾವಿಯ ನೀರು, ನನ್ನ ಕೈಯಾರೆ. ಛೇರ್ಮನ್ನರ ಗಾಡಿ ಕಟ್ಟಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಗಾಡಿಯವನಿಗೆ ತಿರುಗಿಸು ಎಂದೆ. ಅಷ್ಟೆ. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ಮೇಲಿನ ಬೀದಿಯಲ್ಲಿ ಮಾದೇವಿ ಸೇರಿ ನಾಲ್ಕು ಜನ ಹೋದರು. ಸಿದ್ದಯ್ಯನ ಕೆಳಗಿನ ಬೀದಿಯಲ್ಲಿ ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ.

ಇನ್‌ಸ್ಪೆಕ್ಟರು ಓಡಿ ಬಂದರು. ಊರಿಗೆಲ್ಲ ಸೂಜಿ ಚುಚ್ಚಿಸಿದರು. ಆಮೇಲೆ ಎರಡೂ ಬಾವಿಯ ನೀರು ತರಿಸಿ, ಚಾವಡಿಯಲ್ಲಿ ಎಲ್ಲರ ಎದುರಿಗೆ ಕೊಳವೆಗೆ ತುಂಬಿ ಹನಿ ಬಿಟ್ಟರು. ಸಿದ್ದಯ್ಯನ ಬಾವಿ ನೀರು ಹಳದಿ ಆಯಿತು. ನಮ್ಮದು ನೀರಾಗೇ ಉಳಿಯಿತು.

"ಇದರಲ್ಲಿ ಪುಡಿಯ ಸುಳಿವೇ ಇಲ್ಲ" ಎಂದರು.

"ಮೊನ್ನೆ ಗುರ್ವಾರ ಆಕಿವ್ನಿ ಸಾ" ಎಂದೆ.

ದೊಡ್ಡವ್ವನ ಉಗ್ರಾಣದಿಂದ ಡಬ್ಬಿ ತರಿಸಿದರು. ತಳ ಕಾಣಬೇಕಾಗಿದ್ದ ಡಬ್ಬಿ ಮುಕ್ಕಾಲು ತುಂಬಿತ್ತು. ಪುಸ್ತಕ ಬಿಚ್ಚಿದರು. ಒಂದು ವಾರವೂ ತಪ್ಪದೆ ಎರಡೆರಡು ರುಜು.

"ಇದು ನಿನ್ನ ರುಜುವೇ?"

"ಊ ಸಾ, ನಂದೇ. ಪುಡಿ ದೊಡ್ಡವ್ವ ಅಳ್ದು ಕೊಡ್ತಿದ್ರು. ಕೇಳಿ ಸಾ, ಇಲ್ಲೇ ಅವ್ರೆ."

ದೊಡ್ಡವ್ವ ಮಗನ ಪಕ್ಕದಲ್ಲಿ ಕೂತಿದ್ದರು. ನನ್ನ ಮುಖ ನೋಡಲಿಲ್ಲ. ಇನ್‌ಸ್ಪೆಕ್ಟರ ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು. "ನಾನ್ಯಾಕ ಅಳೀಲಿ ಸಾಮಿ, ನಂಗೇನ್ ಗೊತ್ತು ಅದೆಲ್ಲ? ಕೀ ಗೂಟುಕ್ಕ ನೇತಾಕಿರ್ತಿದ್ದಿ. ತಕಂಡ್ರ ತಕಂಡ್ಳು, ಬುಟ್ರ ಬುಟ್ಳು. ಪಾಪ, ಮಗೀನ ಕಳ್ಕಂಡವಳೆ, ಬುದ್ದಿ ಸಿಮಿತದಲ್ಲಿಲ್ಲ, ಏನೇನೋ ಅಂತಾಳೆ. ಬಯ್ಯಬ್ಯಾಡಿ ಅವಳ್ನ. ಬುಟ್ಬುಡಿ."

ಚಾವಡಿ ತುಂಬ ಜನ ಲೊಚಗುಟ್ಟಿದರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಅಂದರು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಪಾಪ ಎಂದ ಮೇಲೆ ನಾನು ಏನು ಹೇಳಿದರೂ ಹುಚ್ಚಿಯ ಮಾತಾಯಿತು.

ಮನೆಗೆ ಓಡಿ ಕುಡಿಕೆ ತಂದೆ. ಒಳಗೆ ಬಿಳಿ ಮೆತ್ತಿಕೊಂಡಿತ್ತು. ಇನ್‌ಸ್ಪೆಕ್ಟರು ಉಗುರಿನಲ್ಲಿ ಕೆರೆದು ಮೂಸಿದರು. ಮತ್ತೆ ಮೂಸಿದರು. ಬರೀ ಸುಣ್ಣ. ಅವರಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಕಂಡಿತು. ತಲೆ ಎತ್ತಿ ಛೇರ್ಮನ್ನರನ್ನು ನೋಡಿದರು. ಊರಿಗೆ ಬಂದಾಗಲೆಲ್ಲ ಅವರು ಊಟ ಮಾಡುತ್ತಿದ್ದದ್ದು ಆ ಮನೆಯಲ್ಲೇ.

"ನಾನು ಏನು ಬರೀಲಿ?" ಎಂದರು.

"ಇರೋದ್ನ ಬರೀರಿ. ರುಜು ಅವಳ್ದು" ಎಂದರು ಛೇರ್ಮನ್ನು.

ಬರೆದರು. ಪುಡಿ ಹಾಕದೆ ಹಾಕಿದೆ ಎಂದು ಸುಳ್ಳು ರುಜು ಮಾಡಿದ್ದಾಳೆ, ಕೆಲಸದಿಂದ ತೆಗೆಯಲಾಗಿದೆ ಎಂದು. ಅದನ್ನು ಅವರೇ ಓದಿ ಹೇಳಿದರು, ನನ್ನ ಕಡೆ ನೋಡದೆ. ಆ ಕಾಗದದಲ್ಲಿ ನನಗೆ ಓದಲು ಬಂದದ್ದು ನನ್ನ ಹೆಸರೊಂದೇ. ಕೆಳಗೆ ರುಜು ಮಾಡು ಎಂದರು. ಮಾಡಿದೆ. ಕಲಿಸಿದವರೂ ಅವರೇ ಅಲ್ಲವೆ.

ಮೇಲಿನ ಬಾವಿಗೆ ಇನ್‌ಸ್ಪೆಕ್ಟರೇ ನಿಂತು ಪುಡಿ ಸುರಿಸಿ, ನೀರೆಲ್ಲ ಎತ್ತಿ ಚೆಲ್ಲಬೇಕು, ಎಂಟು ದಿನ ಯಾರೂ ಕುಡಿಯಬಾರದು, ಅಲ್ಲಿಯವರೆಗೆ ಕುಡಿಯಲು ಯೋಗ್ಯವಾದ ನೀರು ಸಿದ್ದಯ್ಯನ ಬಾವಿಯದೊಂದೇ ಎಂದು ಹೇಳಿ ಹೋದರು. ಮೇಲಿನ ಬೀದಿಯವರು ಕೇಳಿಸಿಕೊಂಡು, ಪೀಪಾಯಿ ಗಾಡಿ ಕಟ್ಟಿ ಕಾಲುವೆಯಿಂದ ನೀರು ತರಿಸಿದರು. ಎಮ್ಮೆ ಮೀಯುವ ಕಾಲುವೆ.

ಮಾರನೇ ದಿನ ಬೆಳಿಗ್ಗೆ ನಾನು ಕೊಡ ಎತ್ತಿಕೊಂಡು ಕೆಳಗಿನ ಬೀದಿಗೆ ನಡೆದೆ. ಸಿದ್ದಯ್ಯ ಬಾವಿ ಹತ್ತಿರ ಇದ್ದ. ನನ್ನನ್ನು ನೋಡಿ ಹಗ್ಗ ಕೈಯಿಂದ ಬಿಟ್ಟ.

"ಬ್ಯಾಡ ಕಣವ್ವ. ನಾಳೆ ನಮ್ ಮ್ಯಾಲ ಬತ್ತದ."

"ಬರದೆಲ್ಲ ನನ್ ಮ್ಯಾಲೇ ಬಂದಾಯ್ತು ಕಣ್ಲಾ ಸಿದ್ದಯ್ಯ. ಸೇದು."

ಆಗ ನಾವು ಅವರನ್ನು ಹಾಗೇ ಮಾತಾಡಿಸುತ್ತಿದ್ದೆವು, ನನಗಿಂತ ದೊಡ್ಡವನಾದರೂ. ಅವನು ಸೇದಿ ಹೊಯ್ದ. ಅಲ್ಲೇ ಬೊಗಸೆಯಲ್ಲಿ ಕುಡಿದೆ. ಮೂಗಿಗೆ ಜುಂ ಎಂದು ವಾಸನೆ ಹೊಡೆಯಿತು. ನನ್ನ ಮೂಗು ಸತ್ತಿರಲಿಲ್ಲ. ಕಾಲು ಫರ್ಲಾಂಗು. ಮಾದೇವಿಗೆ ಈ ನೀರು ಕೊಟ್ಟಿದ್ದರೆ ಇರುತ್ತಿದ್ದಳು. ಅಲ್ಲಿಗೆ ಬಂದು ಒಂದು ಕೊಡ ತರಬಹುದು ಎಂಬುದು ಅಷ್ಟು ವರ್ಷದಲ್ಲಿ ನನ್ನ ತಲೆಗೂ ಹೊಳೆದಿರಲಿಲ್ಲ. ಅದು ನನ್ನ ತಪ್ಪು, ಬೇರೆ ಯಾರದೂ ಅಲ್ಲ.

ಆ ಬಾವಿಯ ನೀರು ಕುಡಿದೆ ಎಂದು ಊರು ನನ್ನನ್ನು ಹೊರಗಿಟ್ಟಿತು. ಕೋಣೆ ಬಿಡು ಎಂದು ಹೇಳಿ ಕಳಿಸಿದರು. ಅಗರದಿಂದ ತಮ್ಮ ಬರುವ ತನಕ ಇರುತ್ತೇನೆ ಎಂದೆ.

ನಾಲ್ಕನೇ ದಿನ ಸಂಜೆ, ದೀಪ ಹಚ್ಚುವ ಹೊತ್ತು, ದೊಡ್ಡವ್ವ ಹಿತ್ತಲ ಬಾಗಿಲಿಗೆ ಬಂದರು. ಸೆರಗಿನ ಅಡಿಯಲ್ಲಿ ಹಿತ್ತಾಳೆ ಕೊಡ.

"ಪುಟ್ಟತಾಯಿ, ಮೊಮ್ಮಗೀಗ ಹೊಟ್ಟ ಕೆಟ್ಟದ. ಕಾಲ್ವ ನೀರು ಕುಡುದು."

ಆ ಹುಡುಗಿ ಮಾದೇವಿಯ ಜೊತೆಗೇ ಸ್ಕೂಲಿಗೆ ಹೋಗುತ್ತಿದ್ದವಳು.

"ನೀನು ತತ್ತೀಯಲ್ಲ, ಆ ನೀರು. ನಮ್ಗೂ ಒಂದ್ ಕೊಡ ತಂದು ಹಿತ್ತಲ್ಗ ಮಡಗು ಮಗ. ಯಾರ್ಗೂ ಹೇಳ್ಬ್ಯಾಡ."

"ಯಾಕ ಸುಣ್ಣ ಕೊಟ್ರಿ ದೊಡ್ಡವ್ವ?"

ಹೊಸಲಿನ ಮೇಲೆ ಕೂತುಬಿಟ್ಟರು. ಇಲ್ಲ ಎನ್ನಲಿಲ್ಲ. "ಅದೂ ಸುಣ್ಣವೇ ಅಂತ ಆವಯ್ಯನೇ ಅಂದಿದ್ನಲ್ಲ. ನಾನು ಶಿವುನ್ಗೋಸ್ಕರ ಮಾಡ್ದಿ. ಇಂಗಾಯ್ತದ ಅಂತ ಕನ್ಸು ಕಂಡಿದ್ನಾ?"

"ಚಾವಡೀಲಿ ಸುಳ್ ಹೇಳುದ್ದೂ ಶಿವುನ್ಗೋಸ್ಕರವಾ?"

"ಮಗ ಛೇರ್ಮನ್ನು ಕಣವ್ವ. ಮನ ಮರ್ವಾದಿ ಓಗ್ತಿತ್ತು. ನಿಂಗಾದ್ರ..." ಅಲ್ಲಿಗೆ ನಿಲ್ಲಿಸಿದರು.

ನನಗಾದರೆ ಕಳೆದುಕೊಳ್ಳಲು ಇನ್ನೇನು ಉಳಿದಿದೆ ಎಂದು ಹೇಳಲು ಹೊರಟಿದ್ದರು. ನನಗೆ ಅರ್ಥ ಆಯಿತು. ಕೊಡ ಇಸಿದುಕೊಂಡೆ. ಅವರಿಗಾಗಿ ಅಲ್ಲ. ಆರು ವರ್ಷದ ಹುಡುಗಿ ಯಾರ ಮನೆಯದಾದರೇನು, ಆ ಕಣ್ಣು ಒಳಗೆ ಹೋಗುವುದನ್ನು ಎರಡನೇ ಸಾರಿ ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ.

ಆಗಲೇ ಹೋಗಿ ತುಂಬಿಸಿ ತಂದೆ. ಹಿತ್ತಲಿಗೆ ಹೋಗಲಿಲ್ಲ. ಮುಂದಿನ ಬೀದಿಯಲ್ಲೇ ಬಂದೆ. ಜನ ಇನ್ನೂ ಜಗುಲಿಗಳ ಮೇಲೆ ಕೂತಿದ್ದರು. ಛೇರ್ಮನ್ನರ ಮನೆಯ ಜಗುಲಿ ಮೇಲೆ ಕೊಡ ಇಳಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ:

"ದೊಡ್ಡವ್ವಾ, ಸಿದ್ದಯ್ಯನ ಬಾವಿ ನೀರು ತಂದಿವ್ನಿ. ನೀವು ಕೇಳಿದ್ರಲ್ಲ, ನಿಮ್ ಮೊಮ್ಮಗೀಗ. ಒಳಿಕ್ ತಕಳಿ."

ಬಹಳ ಹೊತ್ತು ಯಾರೂ ಬರಲಿಲ್ಲ. ಛೇರ್ಮನ್ನು ಬಾಗಿಲಿಗೆ ಬಂದು ನನ್ನನ್ನು ನೋಡಿ, ಕೊಡ ನೋಡಿ, ವಾಪಸು ಒಳಗೆ ಹೋದರು. ಆಮೇಲೆ ದೊಡ್ಡವ್ವ ಬಂದರು. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಕೊಡ ಎತ್ತಿ, ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೋದರು. ತಮ್ಮ ಬರುವ ತನಕ ಐದು ದಿನ ಹಾಗೇ ತಂದು ಅದೇ ಜಗುಲಿಯ ಮೇಲೆ ಇಟ್ಟೆ, ದಿನವೂ ಹಾಗೇ ಕೂಗಿದೆ. ದಿನವೂ ಅವರು ಬಂದು ಒಳಗೆ ತೆಗೆದುಕೊಂಡರು. ಹುಡುಗಿ ಬದುಕಿದಳು.

ಇಡೀ ಬೀದಿ ನೋಡಿತು. ಆ ನೀರೇ ಯಾಕೆ ಬೇಕಾಯಿತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಗೊತ್ತಿಲ್ಲದೆ ಅಲ್ಲ. ನನ್ನ ಮೇಲೆ ಬರೆದ ಕಾಗದವನ್ನು ಯಾರೂ ಹರಿದು ಹಾಕಲೂ ಇಲ್ಲ.